ಅಪ್ಪ "ಎಲ್ಲಾ ಆರಾಮ" ಬಿಟ್ರೆ ಬೇರೆ ಹೇಳಲ್ಲ. ದೂರದ ಮಗಳಿಗೆ ಮನೆ ಸುದ್ದಿ ಮುಟ್ಟಿಸೋದು ಹೇಗೆ?

ಮಣ್ಣುರಸ್ತೆ
ತೀರ್ಥಹಳ್ಳಿ-ಆಗುಂಬೆ ನಡುವಿನ ಒಂಟಿಮನೆ. ಅಪ್ಪನಿಗೆ 71, ಮಗಳು ಜರ್ಮನಿಯಲ್ಲಿ. ಫೋನು ಮೂರು ನಿಮಿಷಕ್ಕೆ ಮುಗಿಯುತ್ತೆ: "ಊಟ ಆಯ್ತಾ, ಅಲ್ಲಿ ಚಳಿಯಾ, ಇಲ್ಲೆಲ್ಲ ಆರಾಮ, ತಡಿ ಅಮ್ಮಂಗೆ ಕೊಡ್ತೀನಿ." ಅವಳಿಗೆ ಬೇಕಿರೋದು ತೋಟ, ಕೊಟ್ಟಿಗೆ, ಕೇರಿಯ ಸುದ್ದಿ. ಅವಳು ಕೆಲಸ ಮುಗಿಸಿ ಕೂರುವಷ್ಟರಲ್ಲಿ ಇವರಿಗೆ ನಿದ್ದೆ. ಮಳೆಗಾಲದಲ್ಲಿ ಟವರ್ ಇದ್ರೆ ಇತ್ತು, ಇಲ್ದಿದ್ರೆ ಇಲ್ಲ. ಟೈಪ್ ಮಾಡೋ ತಾಳ್ಮೆ ಅವರಿಗಿಲ್ಲ. ಸ್ಮಾರ್ಟ್‌ಫೋನ್ ಇದೆ, ಫೈಬರ್ ಲೈನ್ ಈಗಷ್ಟೇ ಬಂದಿದೆ. ಏನು ಮಾಡಿಕೊಟ್ರೆ ಇದು ನಡೆಯುತ್ತೆ? "ಮನಸ್ಸು ಬಿಚ್ಚಿ ಮಾತಾಡಿ" ಅನ್ನೋ ಉಪದೇಶ ಬೇಡ, ಕೆಲಸಕ್ಕೆ ಬರೋದು ಹೇಳಿ.

ಹಂಡೆಒಲೆ
ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್. ಬೇರೇನೂ ಬೇಡ.

ದೂರದೇಶಿ
ಹೊತ್ತಿನ ಲೆಕ್ಕ ಮೊದಲು. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಉಳಿದ ತಿಂಗಳು ನಾಲ್ಕೂವರೆ. ಅವಳ ಸಂಜೆ ಆರು ಅಂದ್ರೆ ಚಳಿಗಾಲದಲ್ಲಿ ಇಲ್ಲಿ ರಾತ್ರಿ ಹತ್ತೂವರೆ. ಹಳ್ಳಿಮನೆಯಲ್ಲಿ ಅದು ಎರಡನೇ ನಿದ್ದೆ. ಹಾಗಾಗಿ ವಾರದ ದಿನ ಫೋನಿನ ಆಸೆ ಬಿಡಿ. ಅಪ್ಪ ಬೆಳಿಗ್ಗೆ ಕಾಫಿ ಆದ ಮೇಲೆ ಏಳಕ್ಕೆ ಮಾತಾಡಿ ಇಟ್ರೆ ಅವಳು ಎದ್ದು ಬಸ್ ಹತ್ತುವಾಗ ಕೇಳ್ತಾಳೆ. ಫೋನು ಭಾನುವಾರಕ್ಕೆ ಸಾಕು.

ಅಮೆರಿಕದಲ್ಲಿರೋ ಮಕ್ಕಳ ಅಪ್ಪಂದಿರಿಗೆ: ಅಲ್ಲಿ ಗಡಿಯಾರ ತಿರುಗಿಸೋದು ಮಾರ್ಚ್ ಎರಡನೇ ಭಾನುವಾರ, ನವೆಂಬರ್ ಮೊದಲ ಭಾನುವಾರ. ನ್ಯೂಜೆರ್ಸಿ ಒಂಬತ್ತೂವರೆ ಗಂಟೆ ಹಿಂದಿದ್ದದ್ದು ಚಳಿಗಾಲಕ್ಕೆ ಹತ್ತೂವರೆ ಆಗುತ್ತೆ. ಗೋಡೆ ಕ್ಯಾಲೆಂಡರಲ್ಲಿ ಆ ಎರಡು ಭಾನುವಾರಕ್ಕೆ ಸುತ್ತು ಹಾಕಿಡಿ. ಇಲ್ಲಾಂದ್ರೆ "ಯಾಕೋ ಫೋನ್ ಎತ್ತಲಿಲ್ಲ" ಅಂತ ಅವತ್ತು ಮನೆಯಲ್ಲಿ ಯಾರೂ ಊಟ ಮಾಡಲ್ಲ.

ಉಪ್ಪುನೀರು
ದುಬೈ ಕಡೆಯವರಿಗೂ ಒಂದು ಮಾತು ಸೇರಿಸ್ತೇನೆ. ಅಲ್ಲಿ ವಾಟ್ಸಾಪ್ ಕಾಲ್ ನಡೆಯುವುದಿಲ್ಲ, ತಡೆದಿದ್ದಾರೆ. ಮೆಸೇಜು, ವಾಯ್ಸ್ ಮೆಸೇಜು, ಫೋಟೋ ಎಲ್ಲ ಹೋಗ್ತದೆ. ಕಾಲಿಗೆ ಬೋಟಿಮ್ ಹಾಕ್ಕೊಳ್ತಾರೆ. ಅಪ್ಪ ಹತ್ತು ಸಲ ವಾಟ್ಸಾಪಲ್ಲೇ ಒತ್ತಿ "ಮಗಳು ಎತ್ತುದಿಲ್ಲ ಮಾರಾಯ" ಅಂತ ಬೇಜಾರು ಮಾಡ್ಕೊಳ್ಳೋದು ಬೇಡ.

ಹಂಡೆಒಲೆ
ವಾಯ್ಸ್ ಮೆಸೇಜ್ ಅಂತ ಒಂದೇ ಸಾಲಲ್ಲಿ ಹೇಳಿ ಓಡಿದ್ದೆ. ಹೊಸಬರು ಎಡವೋ ಜಾಗಗಳನ್ನೂ ಹೇಳ್ಬೇಕಿತ್ತು.

ಮೈಕ್ ಗುಂಡಿ ಒತ್ತಿ ಹಿಡಿದೇ ಮಾತಾಡಕ್ಕೆ ಹೋದ್ರೆ ಬೆರಳು ಜಾರಿ ಅರ್ಧಕ್ಕೇ ಹೋಗಿಬಿಡುತ್ತೆ. ಒತ್ತಿ ಹಿಡಿದು ಮೇಲಕ್ಕೆ ಸರಿಸಿ, ಬೀಗದ ಚಿತ್ರ ಬರುತ್ತೆ. ಆಮೇಲೆ ಕೈ ಬಿಟ್ಟು ಎಷ್ಟು ಹೊತ್ತು ಬೇಕಾದ್ರೂ ಮಾತಾಡಬಹುದು, ನಡುವೆ ನಿಲ್ಲಿಸಿ ಮತ್ತೆ ಮುಂದುವರಿಸಬಹುದು. ಎಡಕ್ಕೆ ಸರಿಸಿದ್ರೆ ಪೂರ್ತಿ ಅಳಿಸಿಹೋಗುತ್ತೆ. ನಡುಗೋ ಕೈ ಎಡವೋದು ಇಲ್ಲೇ. "ಮೇಲಕ್ಕೆ, ಎಡಕ್ಕಲ್ಲ" ಅಂತ ಫೋನಿನ ಬೆನ್ನಿಗೆ ಚೀಟಿ ಅಂಟಿಸಿ.

ಫೋನನ್ನ ಕಿವಿಗಿಟ್ಟು ಮಾತಾಡೋದು ಬೇಡ. ಮೈಕ್ ಇರೋದು ಕೆಳಗಿನ ಅಂಚಲ್ಲಿ, ಚಾರ್ಜರ್ ತೂತಿನ ಪಕ್ಕ. ಅದನ್ನ ಬಾಯಿಂದ ಒಂದು ಗೇಣು ದೂರ ಹಿಡೀಬೇಕು, ಕಿರುಬೆರಳು ಅದರ ಮೇಲೆ ಕೂರಬಾರದು. ಜಗಲಿಯ ತಗಡಿನ ಮಾಡಿನ ಕೆಳಗೆ ಮಳೆ ಸದ್ದೇ ಕೇಳುತ್ತೆ, ಒಳಗಿನ ಕೋಣೆಗೆ ಹೋಗಿ. ಮತ್ತೆ, ಎಲೆಅಡಿಕೆ ಕವಳ ಬಾಯಲ್ಲಿ ಇಟ್ಕೊಂಡು ಮಾತಾಡಬೇಡಿ. ಕೇಳೋರಿಗೆ ಅರ್ಧಕ್ಕರ್ಧ ತಿಳಿಯಲ್ಲ.

ಸುಮ್ನೆಓದುಗ
ಕವಳ ಬಿಟ್ರೆ ಮಾತೇ ಹೊರಡದ ಅಪ್ಪಂದಿರು ಇದ್ದಾರೆ ಸ್ವಾಮಿ.

ಧಾರವಾಡಪೇಡೆ
ಅಲ್ರೀ, ಟವರ್ ಇಲ್ಲದಾಗ ರೆಕಾರ್ಡ್ ಮಾಡಿದ್ರ ಏನ್ ಆಗ್ತದ? ಹೋಗಂಗಿಲ್ಲಲ್ಲ?

ಹಂಡೆಒಲೆ
ಹೋಗುತ್ತೆ, ತಡವಾಗಿ. ಗಡಿಯಾರದ ಗುರುತು ಇದ್ರೆ ಇನ್ನೂ ಫೋನಲ್ಲೇ ಇದೆ ಅಂತ. ನೆಟ್ ಸಿಕ್ಕ ತಕ್ಷಣ ತಾನಾಗೇ ಹೋಗುತ್ತೆ, ಮತ್ತೊಂದು ಸಲ ಹೇಳೋದು ಬೇಡ. ಒಂದು ಟಿಕ್: ಸರ್ವರ್ ತಲುಪಿದೆ. ಎರಡು ಟಿಕ್: ಅವಳ ಫೋನ್ ಮುಟ್ಟಿದೆ. ಮೈಕಿನ ಚಿತ್ರ ನೀಲಿ ಆದ್ರೆ ಕೇಳಿದ್ದಾಳೆ. ಓದಿದ ಗುರುತು ಬಂದ್ ಮಾಡಿಟ್ಟಿದ್ರೂ ವಾಯ್ಸ್ ಮೆಸೇಜಿನ ಈ ನೀಲಿ ಮಾತ್ರ ತೋರಿಸಿಯೇ ತೋರಿಸುತ್ತೆ. ಮಗಳಂದಿರೇ, "ಕೇಳ್ಲೇ ಇಲ್ಲ ಅಪ್ಪ" ಅನ್ನೋ ಸುಳ್ಳು ನಡೆಯಲ್ಲ. ಅವಳ ಫೋನ್ ಆಫ್ ಇದ್ರೂ 30 ದಿನದ ತನಕ ಸರ್ವರಲ್ಲಿ ಕಾದಿರುತ್ತೆ.

ಫೈಬರ್‌ಮಾಮ
ಟವರ್ ಸಾಯೋದು ಕರೆಂಟ್ ಹೋದಾಗ. ಬ್ಯಾಟರಿ ಕೆಲವು ಗಂಟೆ ಎಳೆಯುತ್ತೆ, ಆಮೇಲೆ ಕತ್ತಲೆ. ಫೈಬರ್ ಬಂದಿದೆ ಅಂದ್ರಲ್ಲ, ಹಾಗಿದ್ರೆ ದಾರಿ ಇದೆ. ಫೈಬರ್ ಡಬ್ಬಿಗೆ ಒಂದು ಪುಟ್ಟ ಯುಪಿಎಸ್ ಕೊಡಿ. ಡಬ್ಬಿಯ ಅಡಾಪ್ಟರ್ ಮೇಲೆ ಬರೆದದ್ದು ಓದ್ಕೊಳ್ಳಿ, ಸಾಮಾನ್ಯವಾಗಿ 12 ವೋಲ್ಟ್, 1 ಅಥವಾ 1.5 ಆಂಪಿಯರ್. 12 ವೋಲ್ಟ್ 2 ಆಂಪಿಯರ್‌ದು ತಂದ್ರೆ ಸಾಕು. ಪಿನ್ನಿನ ಒಳಗಡೆ ಪ್ಲಸ್ಸಾ ಮೈನಸ್ಸಾ ಅನ್ನೋ ಗುರುತು ಎರಡರಲ್ಲೂ ಒಂದೇ ಇರಬೇಕು. ಉಲ್ಟಾ ಆದ್ರೆ ಡಬ್ಬಿ ಸುಡುತ್ತೆ.

ಎಷ್ಟು ಹೊತ್ತು ಬರುತ್ತೆ? ಒಳಗೆ 2600 ಎಂಎಎಚ್‌ನ ಮೂರು ಸೆಲ್ ಇದ್ರೆ ಒಟ್ಟು 29 ವ್ಯಾಟ್-ಗಂಟೆ ಹತ್ತಿರ. ಸೋರಿಕೆ ಕಳೆದ್ರೆ 24. ಡಬ್ಬಿ 8 ವ್ಯಾಟ್ ತಿಂದ್ರೆ ಮೂರು ಗಂಟೆ. ಪೆಟ್ಟಿಗೆ ಮೇಲೆ "8 ಗಂಟೆ" ಅಂತ ಬರೆದಿದ್ರೆ ನಂಬಬೇಡಿ. ಕರೆಂಟ್ ಹೋದ ಮೇಲೆ ಟಿವಿ ಪೆಟ್ಟಿಗೆಯನ್ನ ಅದಕ್ಕೇ ಸಿಕ್ಕಿಸೋ ಬುದ್ಧಿವಂತಿಕೆಯೂ ಬೇಡ.

ಸಿಡಿಲು: ಫೈಬರ್ ಎಳೆಯಲ್ಲಿ ಮಿಂಚು ಹರಿಯಲ್ಲ, ಅದು ಗಾಜು. ಬರೋದು ಕರೆಂಟ್ ತಂತಿಯಲ್ಲಿ. ಗುಡುಗು ಶುರುವಾದ್ರೆ ಯುಪಿಎಸ್ಸಿನ ಪ್ಲಗ್ಗನ್ನ ಗೋಡೆಯಿಂದ ಕಿತ್ತಿಡಿ, ಡಬ್ಬಿ ಬ್ಯಾಟರಿಯಲ್ಲೇ ಓಡಲಿ. ಡಬ್ಬಿಯ ಮೇಲೆ ಕೆಂಪು ದೀಪ ಹತ್ತಿದ್ರೆ ಬೆಳಕಿನ ಎಳೆ ಎಲ್ಲೋ ತುಂಡಾಗಿದೆ ಅಂತ, ಬಹಳ ಸಲ ಮರದ ಗೆಲ್ಲು ಬಿದ್ದಿರುತ್ತೆ. ಆಗ ಹತ್ತು ಸಲ ಆಫ್-ಆನ್ ಮಾಡಿ ಉಪಯೋಗ ಇಲ್ಲ, ಲೈನ್‌ನವರಿಗೆ ಹೇಳಿ.

ಫೋನಿನ ಸೆಟ್ಟಿಂಗಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದ್ರೆ ಟವರ್ ಇಲ್ಲದ ಮನೆಯಲ್ಲೂ ಮಾಮೂಲಿ ಫೋನ್ ಬರುತ್ತೆ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಅಂಚೆಪೆಟ್ಟಿಗೆ
ಎಲ್ಲರೂ ಯಂತ್ರದ ಹಿಂದೆ ಬಿದ್ರಿ. ಕಾಗದ ಬರೆಯಲು ಬರುವ ತಲೆಮಾರು ಅದು. "ಚಿ.ಸೌ. ಮಗಳಿಗೆ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ" ಎಂದು ಶುರು ಮಾಡಿದರೆ ಪುಟ ತಾನೇ ತುಂಬುತ್ತದೆ. ಬಾಯಲ್ಲಿ ಹೇಳದ್ದನ್ನು ಅಪ್ಪಂದಿರು ಕಾಗದದಲ್ಲಿ ಹೇಳುತ್ತಾರೆ.

ನೀಲಿ ಇನ್‌ಲ್ಯಾಂಡ್ ಪತ್ರ ದೇಶದ ಒಳಗೆ ಮಾತ್ರ, ಅದನ್ನು ವಿದೇಶಕ್ಕೆ ಹಾಕಬೇಡಿ. ಏರೋಗ್ರಾಂ ಕೇಳಿ, ಇಲ್ಲದಿದ್ದರೆ ಲಕೋಟೆಯನ್ನು ಕೌಂಟರಿನಲ್ಲಿ ತೂಗಿಸಿ ಅಂಚೆಚೀಟಿ ಹಚ್ಚಿಸಿ. ಒಳಗೆ ಕನ್ನಡ ಎಷ್ಟಾದರೂ ಇರಲಿ, ಹೊರಗಿನ ವಿಳಾಸ ಇಂಗ್ಲಿಷ್ ಅಕ್ಷರದಲ್ಲಿ, ದೇಶದ ಹೆಸರು ಕೊನೆಯ ಸಾಲಿನಲ್ಲಿ ದೊಡ್ಡದಾಗಿ. ಜರ್ಮನಿಯಲ್ಲಿ ಪಿನ್‌ಕೋಡ್ ಐದು ಅಂಕಿ, ಅದನ್ನು ಮೊದಲು ಬರೆದು ಆಮೇಲೆ ಊರಿನ ಹೆಸರು ಬರೆಯಬೇಕು. ಅವಳ ಬಾಗಿಲಿನ ಅಂಚೆಪೆಟ್ಟಿಗೆಯ ಮೇಲೆ ಯಾವ ಹೆಸರಿದೆಯೋ ಅದೇ ಹೆಸರು ಬರೆಯಬೇಕು. ಅಲ್ಲಿ ಫ್ಲಾಟ್ ನಂಬರ್ ನೋಡಿ ಹಾಕುವುದಿಲ್ಲ, ಹೆಸರು ನೋಡಿ ಹಾಕುತ್ತಾರೆ. ಮನೆಯಲ್ಲಿ ಕರೆಯುವ ಹೆಸರು ಬರೆದರೆ ಕಾಗದ ವಾಪಸ್.

ಉಪ್ಪುನೀರು
ಕಾಗದದೊಳಗೆ ಸುರಗಿ ಹೂ, ತುಳಸಿ ಕುಡಿ ಇಡುವ ಅಭ್ಯಾಸ ಉಂಟಲ್ಲ, ಆಸ್ಟ್ರೇಲಿಯಾಕ್ಕಾದರೆ ಅದು ಬೇಡ. ಗಿಡದ ವಸ್ತು, ಬೀಜ ಎಲ್ಲ ಅಲ್ಲಿ ತಪಾಸಣೆಯಲ್ಲಿ ಸಿಕ್ಕಿಬೀಳ್ತದೆ. ಜರ್ಮನಿಗೆ ತುಪ್ಪವನ್ನೂ ಪಾರ್ಸಲಿನಲ್ಲಿ ಕಳಿಸುವ ಹಾಗಿಲ್ಲ. ಹಾಲಿನ ಪದಾರ್ಥಕ್ಕೆ ಯುರೋಪಿನಲ್ಲಿ ನಿಷೇಧ.

ಸುಮ್ನೆಓದುಗ
ಹಾಗಾದ್ರೆ ಮಿಡಿ ಉಪ್ಪಿನಕಾಯಿ?

ಅಂಚೆಪೆಟ್ಟಿಗೆ
ಆ ಚರ್ಚೆ ಬೇರೆ ಶುರು ಮಾಡಿ, ಇಲ್ಲಿ ಎಣ್ಣೆ ಸೋರುತ್ತದೆ.

ಕೊನೆಕೊಟ್ಟೆ
ನೀವೆಲ್ಲ ಹೇಗೆ ಕಳಿಸೋದು ಅಂತ ಹೇಳ್ತಿದೀರಿ. ಏನು ಕಳಿಸೋದು ಅಂತ ಒಬ್ರೂ ಹೇಳ್ಲಿಲ್ಲ. ಕೇಳಿದ್ದು ಅದಲ್ವಾ? ಅಪ್ಪ "ಆರಾಮ" ಅನ್ನೋದು ಮುಚ್ಚಿಡಕ್ಕಲ್ಲ. "ಹೇಗಿದೀರಿ" ಅಂತ ಕೇಳಿದ್ರೆ ಆರಾಮ ಅಂತಲೇ ಹೇಳ್ಬೇಕು, ಮತ್ತೇನು ಹೇಳ್ತಾರೆ? ಮಗಳು ಕೇಳೋ ಪ್ರಶ್ನೆ ಬದಲಾಗ್ಬೇಕು. "ಅಡಿಕೆ ರೇಟೆಷ್ಟು" ಅಂದ್ರೂ ಆಗಲ್ಲ. ಯಾವ ಬಗೆಯ ಅಡಿಕೆ, ರಾಶಿನಾ, ಬೆಟ್ಟೆನಾ, ಸರಕಾ, ಗೊರಬಲಾ? ಶಿರಸಿ ಕಡೆ ಆದ್ರೆ ಚಾಲಿನಾ? "ರಾಶಿ ಕ್ವಿಂಟಾಲಿಗೆ ಎಷ್ಟಾಯ್ತಪ್ಪ, ಕೊಟ್ರಾ ಇಟ್ಕೊಂಡ್ರಾ" ಅಂತ ಕೇಳಿ, ಹತ್ತು ನಿಮಿಷ ಫೋನ್ ಇಡಲ್ಲ.

ತಿಂಗಳಿಗೆ ತಕ್ಕ ಪ್ರಶ್ನೆ ಇರುತ್ತೆ. ಜೂನಲ್ಲಿ: ಕೊಳೆರೋಗಕ್ಕೆ ಮೊದಲ ಮದ್ದು ಹೊಡೆದು ಆಯ್ತಾ, ಮಳೆ ತಾಗದ ಹಾಗೆ ಅಡಿಕೆ ಗೊಂಚಲಿಗೆ ಕೊಟ್ಟೆ ಕಟ್ಟಿಸಿದ್ರಾ, ಮರ ಹತ್ತೋ ಕೊನೆಗೌಡ ಬಂದ್ನಾ? ಜುಲೈ, ಆಗಸ್ಟಲ್ಲಿ: ಎರಡನೇ ಮದ್ದಿಗೆ ಮಳೆ ಬಿಡುವು ಕೊಡ್ತಾ, ಕೊಳೆ ಎಷ್ಟು ಮರಕ್ಕೆ ಬಂತು, ಉದುರಿದ ಕಾಯಿ ಹೆಕ್ಕಿದ್ರಾ?

ಮಣ್ಣುರಸ್ತೆ
ಇದು ಬೇಕಿತ್ತು. ಮೊದಲ ಮದ್ದು ಆಗಿದೆ. ಆದ್ರೆ ಎಲೆ ಮೇಲೆ ಸುಟ್ಟ ಹಾಗೆ ಚುಕ್ಕಿ ಬಂದಿದೆ ಅಂತ ಬೈಕೊಳ್ತಿದ್ರು.

ಕೊನೆಕೊಟ್ಟೆ
ಸುಣ್ಣ ಕಮ್ಮಿ ಆಗಿದೆ, ಅಥವಾ ಹಳೇ ಸುಣ್ಣ. ಈ ಮದ್ದಿನ ಹೆಸರು ಬೋರ್ಡೋ ದ್ರಾವಣ, ಶೇಕಡಾ 1 ಅಂದ್ರೆ 100 ಲೀಟರ್‌ಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ. ತುತ್ತನ್ನ 50 ಲೀಟರಲ್ಲಿ, ಸುಣ್ಣವನ್ನ ಇನ್ನೊಂದು 50 ಲೀಟರಲ್ಲಿ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನ ಸುಣ್ಣದ ನೀರಿಗೆ ನಿಧಾನ ಹೊಯ್ತಾ ಕದಡಬೇಕು. ಪ್ಲಾಸ್ಟಿಕ್ ಡ್ರಮ್ ಇರಲಿ, ಕಬ್ಬಿಣದ್ದು ಬೇಡ. ಆಮೇಲೆ ತೊಳೆದು ಉಜ್ಜಿದ ಚಾಕುವನ್ನ ಅದರಲ್ಲಿ ಒಂದು ನಿಮಿಷ ಅದ್ದಿ ತೆಗೀರಿ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ರೆ ಹುಳಿ ಜಾಸ್ತಿ ಇದೆ ಅಂತ. ಚಾಕು ಹಾಗೇ ಹೊಳೆಯೋ ತನಕ ಸುಣ್ಣದ ನೀರು ಸೇರಿಸಿ. ಮಾಡಿದ ದಿನವೇ ಹೊಡೆದು ಮುಗಿಸಿ. ಎರಡನೇದು 40-45 ದಿನಕ್ಕೆ.

ಧಾರವಾಡಪೇಡೆ
ಮಗಳಿಗೆ ಸುದ್ದಿ ಕಳಸೋ ಚರ್ಚಾ ಇದು, ಸೊಸೈಟಿ ಗೋದಾಮಲ್ಲ!

ಕೊನೆಕೊಟ್ಟೆ
ಇದೇ ಸುದ್ದಿ ರೀ. ಚಾಕುಗೆ ತಾಮ್ರ ಕೂತಿದ್ದು ಒಂದು ಫೋಟೋ ಹೊಡೆದು ಕಳಿಸಿದ್ರೆ ಮಗಳಿಗೆ ಅಪ್ಪ ಬೆಳಿಗ್ಗೆಯಿಂದ ಏನು ಮಾಡ್ತಿದ್ರು ಅಂತ ಪೂರ್ತಿ ಗೊತ್ತಾಗುತ್ತೆ.

ಮಳೆಲೆಕ್ಕ
ಮಳೆ ಸುದ್ದಿ ಯಾರೂ ಎತ್ತಲಿಲ್ಲ, ಆಶ್ಚರ್ಯ. "ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರ" ಅಂತ ಎಷ್ಟು ದಿನ ಹೇಳ್ತೀರಿ? ಅಪ್ಪನ ಕೈಗೆ ಮಳೆ ಅಳೆಯೋ ಕೆಲಸ ಕೊಡಿ. ದಿನಾ ಬೆಳಿಗ್ಗೆ ಎಂಟೂವರೆಗೆ ಅಳತೆ, ಹವಾಮಾನ ಇಲಾಖೆ ಅಳೆಯೋದೂ ಅದೇ ಹೊತ್ತಿಗೆ. ಒಂದು ಅಂಕಿ ಅಂದ್ರೆ ಒಂದು ಸುದ್ದಿ. ಮಾತು ಅಲ್ಲಿಂದ ತಾನೇ ಹೊರಡುತ್ತೆ: ಕಾಲುಸಂಕ ಮುಳುಗಿದ್ದು, ಧರೆ ಕುಸಿದದ್ದು, ಬಾವಿಯಲ್ಲಿ ಎಷ್ಟು ಸುತ್ತು ನೀರು ಏರಿದ್ದು.

ಅಂಗಳದಲ್ಲಿ ಬಕೆಟ್ ಇಟ್ಟು ಅಳೆಯೋದು ತಪ್ಪು, ಬಕೆಟ್ಟಿನ ಬಾಯಿ ಅಗಲ, ತಳ ಕಿರಿದು. ಬಾಯಿಂದ ತಳದವರೆಗೆ ಒಂದೇ ಅಗಲ ಇರೋ ಡಬ್ಬಿ ಇದ್ರೆ ನೇರವಾಗಿ ಸ್ಕೇಲ್ ಇಳಿಸಿ ಓದಬಹುದು. ಡಬ್ಬಿ ದಪ್ಪ ಇದ್ರೂ ಸಣ್ಣ ಇದ್ರೂ ಅಂಕಿ ಒಂದೇ. ಆಗುಂಬೆ ಕಡೆ ಒಂದು ರಾತ್ರಿಗೆ ಅರ್ಧ ಅಡಿ ಮಳೆ ಹೊಡೆಯೋದೂ ಉಂಟು, ಡಬ್ಬಿ ಎತ್ತರದ್ದೇ ಇರಲಿ. ಮರ, ಮಾಡು ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಇಡಬೇಕು. ಅಡಿಕೆ ತೋಟದ ನಡುವೆ ಇಟ್ರೆ ಸೋಗೆಯ ಹನಿ ಅಳೆದ ಹಾಗಾಗುತ್ತೆ.

ಸುಮ್ನೆಓದುಗ
ಆಲಿಕೆ ಇಟ್ಟು ಬಾಟ್ಲಿಗೆ ಬಿಟ್ರೆ?

ಮಳೆಲೆಕ್ಕ
ಆಗುತ್ತೆ, ಆದ್ರೆ ಗುಣಾಕಾರ ಬೇಕು. ಆಲಿಕೆ ಬಾಯಿ 14 ಸೆಂ.ಮೀ., ಬಾಟ್ಲಿ ಒಳಗಲ 7 ಸೆಂ.ಮೀ. ಅಂದ್ಕೊಳ್ಳಿ. ಅಗಲ ಎರಡರಷ್ಟು, ಹಾಗಾಗಿ ವಿಸ್ತೀರ್ಣ ನಾಲ್ಕರಷ್ಟು. ಬಾಟ್ಲಿಯಲ್ಲಿ 8 ಸೆಂ.ಮೀ. ನೀರು ನಿಂತಿದ್ರೆ ಮಳೆ 2 ಸೆಂ.ಮೀ., ಅಂದ್ರೆ 20 ಮಿ.ಮೀ. ಎರಡರಷ್ಟು ಅಗಲ ಅಂತ ಎರಡರಿಂದ ಭಾಗಿಸೋದೇ ಎಲ್ಲರೂ ಮಾಡೋ ತಪ್ಪು. ಅಪ್ಪ ಇಂಚಲ್ಲಿ ಹೇಳ್ತಾರೆ, ಹೇಳ್ಲಿ: ಒಂದು ಇಂಚು 25.4 ಮಿ.ಮೀ.

ಗುಳಿಗೆಡಬ್ಬಿ
ಆರೋಗ್ಯದ ಸುದ್ದಿಯೂ ಹೀಗೇ ಅಂಕಿಯಲ್ಲಿರಬೇಕು. "ಬಿಪಿ ನಾರ್ಮಲ್ ಅಂದ್ರು ಡಾಕ್ಟ್ರು" ಅನ್ನೋದರಿಂದ ಮಗಳಿಗೆ ಏನೂ ತಿಳಿಯೋದಿಲ್ಲ. ಮೇಲಿನದ್ದು, ಕೆಳಗಿನದ್ದು ಎರಡೂ ಹೇಳಲಿ. ಅಳೆಯೋ ಮುಂಚೆ ಅರ್ಧ ಗಂಟೆ ಕಾಫಿ ಬೇಡ. ಐದು ನಿಮಿಷ ಬೆನ್ನಿಗೆ ಆನಿಕೆ ಕೊಟ್ಟು ಕೂರಬೇಕು, ಪಾದ ನೆಲದ ಮೇಲೆ, ಪಟ್ಟಿ ಕಟ್ಟಿದ ತೋಳು ಎದೆ ಮಟ್ಟಕ್ಕೆ. ಒಂದು ನಿಮಿಷ ಬಿಟ್ಟು ಎರಡು ಸಲ ಅಳೆದು ಎರಡನ್ನೂ ಬರೆಯಲಿ. ತೋಟದಿಂದ ಹತ್ತಿ ಬಂದು ಏದುಸಿರು ಬಿಡ್ತಾ ಅಳೆದ ಅಂಕಿ ನೋಡಿ ಅವಳು ಅಲ್ಲಿ ಹೆದರೋದು ಬೇಡ.

ಶುಗರ್ ಆದ್ರೆ ಖಾಲಿ ಹೊಟ್ಟೆಯದ್ದಾ, ಊಟ ಆಗಿ ಎರಡು ಗಂಟೆಯದ್ದಾ ಅಂತ ಹೇಳದೆ ಬರೀ ಅಂಕಿ ಹೇಳಬಾರದು. ಗುಳಿಗೆ ಬದಲಾದ್ರೆ ಪಟ್ಟಿಯ ಹಿಂದುಗಡೆಯ ಫೋಟೋ ಕಳಿಸಿ, ಹೆಸರು, ಮಿಲಿಗ್ರಾಂ ಎರಡೂ ಅಲ್ಲೇ ಇರುತ್ತೆ. ಗುಳಿಗೆ ತೆಗೆಯುವಾಗ ಹೆಸರಿರೋ ತುದಿಯನ್ನ ಕೊನೆಗೆ ಬಿಡೋ ಅಭ್ಯಾಸ ಮಾಡಿಸಿ.

ಹಂಡೆಒಲೆ
ಫೋಟೋ ಅಂದಾಗ ನೆನಪಾಯ್ತು, ಲೆನ್ಸನ್ನ ಪಂಚೆಯ ಒಣ ಅಂಚಿಂದ ಒರೆಸಿ. ಮಳೆಗಾಲದ ಅರ್ಧ ಫೋಟೋ ಮಂಜಾಗೋದು ಬೆರಳ ಎಣ್ಣೆಗೆ. ಕಾಗದಪತ್ರದ ಫೋಟೋವನ್ನ ಡಾಕ್ಯುಮೆಂಟ್ ಅಂತ ಕಳಿಸಿ, ಅಕ್ಷರ ಒಡೆಯಲ್ಲ.

ಸುಮ್ನೆಓದುಗ
ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ ಬರುತ್ತಲ್ಲ, ಅದು ಸುದ್ದಿ ಅಲ್ವಾ?

ದೂರದೇಶಿ
ಸುದ್ದಿಯೇ. "ಎದ್ದಿದೀನಿ, ಫೋನ್ ಚಾರ್ಜ್ ಇದೆ" ಅಂತ ಅರ್ಥ. ಒಂದು ದಿನ ಬರ್ಲಿಲ್ಲ ಅಂದ್ರೆ ಗೊತ್ತಾಗುತ್ತೆ ಅದರ ಬೆಲೆ.

ಹಂಡೆಒಲೆ
ಒಪ್ಪಲ್ಲ. ಆ ಗುಲಾಬಿಗಳೇ ಫೋನ್ ತುಂಬಿಸಿ, ಕೊನೆಗೆ ರೆಕಾರ್ಡ್ ಮಾಡಕ್ಕೆ ಜಾಗ ಇಲ್ಲದ ಹಾಗೆ ಮಾಡೋದು. ಫೋಟೋ-ವಿಡಿಯೋ ತಾನಾಗೇ ಇಳಿಯೋದನ್ನ ಬಂದ್ ಮಾಡಿ. ವಾಯ್ಸ್ ಮೆಸೇಜ್ ಅದರ ಲೆಕ್ಕಕ್ಕೆ ಬರಲ್ಲ, ಯಾವಾಗ್ಲೂ ಇಳಿಯುತ್ತೆ.

ಅಂಚೆಪೆಟ್ಟಿಗೆ
ಕೆಟ್ಟ ಸುದ್ದಿ ಹೇಳುವ ಕ್ರಮವನ್ನೂ ಅಪ್ಪನಿಗೆ ಮೊದಲೇ ಹೇಳಿಡಿ. ಹಿಂದೆ ಅಶುಭದ ಕಾರ್ಡಿನ ಮೂಲೆ ಹರಿದಿರುತ್ತಿತ್ತು, ಓದುವ ಮೊದಲೇ ಮನಸ್ಸು ಗಟ್ಟಿ ಆಗುತ್ತಿತ್ತು. ಈಗ ಆ ಕೆಲಸ ಮೊದಲ ವಾಕ್ಯ ಮಾಡಬೇಕು. "ಒಂದು ಸುದ್ದಿ ಇದೆ, ನಾನೂ ಅಮ್ಮನೂ ಚೆನ್ನಾಗಿದೀವಿ" ಎಂದು ಶುರು. ಆಮೇಲೆ ಯಾರು, ಯಾವಾಗ, ಎಷ್ಟು ಹೊತ್ತಿಗೆ. ಮೈಲಿಗೆ ಲೆಕ್ಕಕ್ಕೆ ಹೊತ್ತೂ ಬೇಕಾಗುತ್ತದೆ. "ಪುರಸೊತ್ತಾದಾಗ ಫೋನ್ ಮಾಡು" ಎಂದಷ್ಟೇ ಕಳಿಸುವುದು ಎಲ್ಲಕ್ಕಿಂತ ಕೆಟ್ಟದ್ದು.

ಫೈಬರ್‌ಮಾಮ
ಮೋಸದ ಫೋನಿಗೂ ಒಂದು ಏರ್ಪಾಡು ಬೇಕು. "ನಿಮ್ಮ ಮಗಳನ್ನ ಪೊಲೀಸ್ ಹಿಡಿದಿದ್ದಾರೆ, ದುಡ್ಡು ಹಾಕಿ" ಅಂತ ಬರುತ್ತೆ. ಅವಳ ದನಿಯ ನಕಲೂ ಮಾಡ್ತಾರೆ. ಮನೆಯವರಿಗಷ್ಟೇ ಗೊತ್ತಿರೋ ಒಂದು ಮಾತು ಇಟ್ಕೊಳ್ಳಿ, ಹಳೇ ಹಸುವಿನ ಹೆಸರು ಸಾಕು. ಹೇಳಕ್ಕೆ ಬರ್ಲಿಲ್ಲ ಅಂದ್ರೆ ಫೋನ್ ಇಟ್ಟು ಅವಳ ನಂಬರಿಗೆ ತಿರುಗಿ ಮಾಡಿ. ದುಡ್ಡು ಹೋಗಿಬಿಟ್ಟಿದ್ರೆ ತಕ್ಷಣ 1930.

ಧಾರವಾಡಪೇಡೆ
ಕಳಸಿದ್ದೆಲ್ಲ ಇಟ್ಕೊಳ್ಳೋದು ಹ್ಯಾಂಗ? ಹತ್ತು ವರ್ಷ ಆದಮ್ಯಾಲ ಅಪ್ಪನ ದನಿ ಬೇಕು ಅನಸ್ತದ.

ಹಂಡೆಒಲೆ
ಮೊದಲು ಆ ಚಾಟಲ್ಲಿ "ಮರೆಯಾಗುವ ಸಂದೇಶ" ಆಫ್ ಇದೆಯಾ ನೋಡಿ. ಆನ್ ಇದ್ರೆ 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಎಲ್ಲ ಮಾಯ. ಮಗಳದ್ದು ಆಂಡ್ರಾಯ್ಡ್ ಆದ್ರೆ ಫೈಲ್ ಮ್ಯಾನೇಜರಲ್ಲಿ ಆಂಡ್ರಾಯ್ಡ್, ಮೀಡಿಯಾ, ಅದರೊಳಗೆ ವಾಟ್ಸಾಪ್ ಫೋಲ್ಡರ್, ಮತ್ತೆ ಮೀಡಿಯಾ, ಅಲ್ಲಿ ವಾಯ್ಸ್ ನೋಟ್ಸ್ ಅಂತ ಇರುತ್ತೆ. ವಾರವಾರಕ್ಕೆ ಒಂದೊಂದು ಫೋಲ್ಡರ್. ಫೈಲ್ ಹೆಸರಲ್ಲೇ ವರ್ಷ-ತಿಂಗಳು-ದಿನ ಇರುತ್ತೆ, ಯಾರದ್ದು ಅಂತ ಇರಲ್ಲ. ಎಲ್ಲರ ದನಿಯೂ ಅಲ್ಲೇ ಕಲಸಿರುತ್ತೆ. ಆದ್ದರಿಂದ ಚಾಟಿಂದಲೇ ಒತ್ತಿ ಹಿಡಿದು ಹಂಚಿಕೊಳ್ಳಿ, ಬೇರೆ ಕಡೆ "ಅಪ್ಪ" ಅಂತ ಫೋಲ್ಡರ್ ಮಾಡಿ ಹಾಕಿ. ಓಪಸ್ ಫೈಲು, ವಿಎಲ್‌ಸಿಯಲ್ಲಿ ಓಡುತ್ತೆ. ಹತ್ತು ನಿಮಿಷದ ಮಾತು ಒಂದೆರಡು ಎಂಬಿ ಅಷ್ಟೇ. ಪೂರ್ತಿ ಚಾಟ್ ಎಕ್ಸ್‌ಪೋರ್ಟ್ ಮಾಡಿದ್ರೆ ಮೀಡಿಯಾ ಸಮೇತ ಇತ್ತೀಚಿನ 10,000 ಮೆಸೇಜ್ ಮಾತ್ರ ಬರುತ್ತೆ, ಅದರ ಹಿಂದಿನದ್ದು ಬಂತು ಅಂತ ನಂಬಿ ಫೋನ್ ಬದಲಾಯಿಸಬೇಡಿ.

ಕೊನೆಕೊಟ್ಟೆ
ಮಣ್ಣುರಸ್ತೆ, ಅಪ್ಪನಿಗೆ ತೋರಿಸಕ್ಕೆ ಒಂದು ಮಾದರಿ ಬರೆದುಕೊಡ್ತೀನಿ. ಒಂದೂವರೆ ನಿಮಿಷಕ್ಕಾಗುತ್ತೆ:

"ಪುಟ್ಟಿ, ಇವತ್ತು ಮಂಗಳವಾರ, ಏಳು ಗಂಟೆ. ನಿನ್ನೆ ಮಳೆ ಮೂರಿಂಚು ಹತ್ತಿರ ಬಂತು. ಕೆಳಗಿನ ತೋಟದ ಕಪ್ಪು ಕಟ್ಟಿತ್ತು, ಸೋಗೆ ಅಡ್ಡ ಬಿದ್ದಿತ್ತು, ಎಳೆದು ಹಾಕಿದೆ. ಗೌರಿ ಇನ್ನೂ ಕರು ಹಾಕಿಲ್ಲ, ಕೆಚ್ಚಲು ಇಳಿದಿದೆ, ಇವತ್ತೋ ನಾಳೆಯೋ. ಅಮ್ಮ ಕಳಲೆ ನೆನೆಹಾಕಿದ್ದಾಳೆ, ಇವತ್ತು ಎರಡನೇ ದಿನ, ನೀರು ಬದಲಾಯಿಸಿ ಆಯ್ತು. ಮೇಲಿನ ಮನೆಯವರು ಜೀಪು ಮಾರಿದರು. ಕರೆಂಟ್ ನಿನ್ನೆ ಸಂಜೆ ಹೋದದ್ದು ಬಂದಿಲ್ಲ. ಇಡ್ತೀನಿ."

ದಿನ, ಹೊತ್ತು ಮೊದಲು ಹೇಳ್ಬೇಕು, ನೆಟ್ ಇಲ್ದೆ ಎರಡು ದಿನ ತಡವಾದ್ರೆ ಗೊಂದಲ ಆಗಲ್ಲ. ಮತ್ತೆ "ಇನ್ನೇನಿಲ್ಲ" ಅಂತ ಮುಗಿಸೋದು ಬೇಡ.

ಧಾರವಾಡಪೇಡೆ
ಕಪ್ಪು ಕಟ್ಟೋದು ಅಂದ್ರ ಏನ್ರೀ? ಕಪ್ಪು ಬಣ್ಣಾನೋ?

ಕೊನೆಕೊಟ್ಟೆ
ತೋಟದ ಸಾಲುಗಳ ನಡುವಿನ ನೀರು ಹರಿಯೋ ಕಾಲುವೆ ರೀ. ಕಸ ಸಿಕ್ಕಿ ಕಟ್ಟಿದ್ರೆ ನೀರು ನಿಂತು ಅಡಿಕೆ ಬೇರು ಕೊಳೆಯುತ್ತೆ.

ಮಣ್ಣುರಸ್ತೆ
ಯುಪಿಎಸ್ ತರಿಸಿದ್ದಾಯ್ತು, ಪಿನ್ನಿನ ಗುರುತು ಒಂದೇ ಇದೆ. ಮಾದರಿ ಓದಿ ತೋರಿಸಿದ್ರೆ ಅಪ್ಪ ಒಂದೇ ತಕರಾರು ತೆಗೆದ್ರು: ನಮ್ಮನೇಲಿ ಹಸು ಹೆಸರು ಗೌರಿ ಅಲ್ಲ. ಮಳೆ ಅಳೆಯಕ್ಕೆ ಒಪ್ಪಿದ್ದಾರೆ. ಹಳೇ ಹಾರ್ಲಿಕ್ಸ್ ಗಾಜಿನ ಬಾಟ್ಲಿ ಆಗುತ್ತಾ?

ಮಳೆಲೆಕ್ಕ
ಕುತ್ತಿಗೆ ಸಣ್ಣ ಇದೆಯಲ್ಲ, ಹಾಗೇ ಇಟ್ರೆ ಆಗಲ್ಲ. ಮೇಲೆ ಆಲಿಕೆ ಇಟ್ಟು, ಅಳತೆಯನ್ನ ಮಿಲಿ ಲೆಕ್ಕದಲ್ಲಿ ಮಾಡಿ. 14 ಸೆಂ.ಮೀ. ಆಲಿಕೆಗೆ 154 ಮಿಲಿ ನೀರು ಅಂದ್ರೆ 1 ಸೆಂ.ಮೀ. ಮಳೆ. ಜೋರು ಮಳೆ ದಿನ ಬಾಟ್ಲಿ ತುಂಬಿ ಚೆಲ್ಲುತ್ತೆ, ಬಾಟ್ಲಿಯನ್ನ ಒಂದು ಬಕೆಟ್ ಒಳಗೆ ನಿಲ್ಲಿಸಿ, ಚೆಲ್ಲಿದ್ದನ್ನೂ ಅಳೆದು ಸೇರಿಸಬಹುದು. ಆಲಿಕೆ ಬಕೆಟ್ ಬಾಯಿಯನ್ನ ಪೂರ್ತಿ ಮುಚ್ಚಲ್ಲ, ಸುತ್ತ ಒಂದು ಹಾಳೆ ಹೊದಿಸಿ, ಇಲ್ಲಾಂದ್ರೆ ಬಕೆಟ್ಟಿಗೆ ಬಿದ್ದ ಮಳೆಯೂ ಲೆಕ್ಕಕ್ಕೆ ಬರುತ್ತೆ.

ಸುಮ್ನೆಓದುಗ
ಹಸು ಹೆಸರು ಇಲ್ಲಿ ಹೇಳಬೇಡಿ ಮತ್ತೆ. ಅದು ಗುಟ್ಟಿನ ಮಾತು.